ಏಳನೇ ನಂಬರ್ ಶೆಡ್ಡಿನಾಕಿ

ರಾತ್ರಿ ಹನ್ನೊಂದೂಕಾಲಿಗೆ ಪೊಲೀಸ್ ಜೀಪು ಬಿಟ್ಟು ಹೋತು.
ಕಾಲಾಗ ಒಂದ ಚಪ್ಪಲಿ,
ಬಗಲಾಗ ಎರಡು ವರ್ಷದ ಕೂಸು,
ಮೈತುಂಬ ಕೆಂಪು ಗ್ರಾನೈಟಿನ ಪುಡಿ.
ಹುಬ್ಬಿನ ಮ್ಯಾಲೆ ಯಾವುದು ಕಲ್ಲು, ಯಾವುದು ರಕ್ತ,
ತೊಳೆಯೂತನಕ ತಿಳೀಲಿಲ್ಲ.

ಸಾಂತ್ವನ ಕೇಂದ್ರ ಅಂತ ಬೋರ್ಡು ಐತಿ, ಖರೆ.
ಒಳಗ ನಾನು, ಆರು ಹಾಸಿಗಿ, ಒಂದು ಗ್ಯಾಸಿನ ಒಲಿ,
ಸರಿಯಾಗಿ ಮುಚ್ಚದ ಒಂದು ಕಪಾಟು.
ಪಗಾರ ಮೂರು ತಿಂಗಳಿಗೊಮ್ಮೆ ಬರತೈತಿ,
ಬಂದ್ರ.

ಮೊದಲ ನೀರು ಕೊಟ್ಟೆ, ಆಮ್ಯಾಲ ಅನ್ನ.
ಕಾಗದ ಕಡೀಕ ಅಂತ ಶಶಿರೇಖಾ ಮೇಡಂಗ ಎಷ್ಟೋ ಸಲ ಹೇಳೇನಿ,
ಅವರೂ ಈಗ ಕಲತಾರ.

ಕನ್ನಡ ಬರೂದಿಲ್ಲ ಆಕಿಗೆ. ಹಿಂದೀನೂ ಅಷ್ಟಕ್ಕಷ್ಟ.
ಒಡಿಶಾದಾಕಿ ಅಂತ ಪೊಲೀಸಪ್ಪ ಹೇಳಿ ಹೋಗಿದ್ದ.
ಪಾಲಿಶ್ ಫ್ಯಾಕ್ಟರಿಯಾಗ ಆ ಕಡೆಯ ಹುಡುಗೂರು ಬೇಕಾದಷ್ಟು ಅದಾರ,
ಕರದ್ರ ಓಡಿ ಬರತಾರ,
ನಸುಕಿನ್ಯಾಗ ಆಕಿ ಗಂಡನ ಜೋಡಿ ಕುಂತು ಚಾ ಕುಡೀತಾರ.
ಬ್ಯಾಡ ಅಂದೆ.

ಮೇಡಂ ಅಲ್ಲಿ ಇಲ್ಲಿ ಫೋನ್ ಹಚ್ಚಿ ಹಚ್ಚಿ
ಬಾಗಲಕೋಟಿ ದವಾಖಾನ್ಯಾಗ ಒಬ್ಬಾಕಿ ನರ್ಸು ಸಿಕ್ಕಳು,
ಅವರ ನಾಡಿನಾಕಿನ. ರಾತ್ರಿ ಪಾಳಿ, ನನ್ನಂಗ.
ಸ್ಪೀಕರ್ ಹಚ್ಚಿ ಟೇಬಲ್ಲಿನ ನಡುವ ಇಟ್ಟಿವಿ.
ತಿನ್ನೂದು ಅಂತ ತಿಳದು ಕೂಸು ಕೈ ಚಾಚಿತು.

ಹೆಸರು? ಝುನು ಮಾಝಿ.
ವಯಸ್ಸು? ಇಪ್ಪತ್ತೆರಡಿರಬೇಕು.
ವಿಳಾಸ? ಏಳನೇ ನಂಬರ್ ಶೆಡ್.
ಯಾವ ಊರಾಗ?
ನರ್ಸಮ್ಮ ಕೇಳಿದಳು, ಮತ್ತೊಮ್ಮೆ ಕೇಳಿದಳು,
ಆಮ್ಯಾಲ ಸುಮ್ಮನಾದಳು.
"ಊರಿನ ಹೆಸರು ಯಾರೂ ಹೇಳಿಲ್ಲಂತ್ರೀ.
ಮೂರು ವರ್ಷಾತಂತ. ಕಂಪನಿ ಅಂತಾರಂತ, ಅಷ್ಟ."

ಮೇಡಂ ಪೆನ್ನು ನಿಂತಿತು.

ನಾ ಇದ ಊರಾಗ ಹುಟ್ಟಿದಾಕಿ.
ಕುಣಿಮಗ್ಗದ ಮುಂದ ಹನ್ನೆರಡು ವರ್ಷ ಕುಂತಾಕಿ.
ಸೀರಿ ಮೈಗೆ ಸೆರಗು ಕೊಂಡಿ ಹಾಕಿ ಕೂಡಸೂದು ನನ್ನ ಕೆಲಸ,
ಎಳೀಗೆ ಎಳಿ, ಸಾವಿರಾರು ಎಳಿ.
ಒಂದು ತಪ್ಪಿದ್ರ ಬೆರಳಿಗೆ ಬಡೀತಿದ್ದ ನನ್ನ ಮನಿಯಾಂವ,
ಅಳತಿ ಕೋಲಿಲೆ.
ಇಳಕಲ್ಲ ಸೀರಿ, ಇಳಕಲ್ಲ ಸೀರಿ ಅಂತ
ಉಟ್ಟವರು ಊರಿನ ಹೆಸರು ಹೇಳಿಕೋತ ತಿರಗತಾರ.
ಊರಿನ ಕಲ್ಲು ತಿಕ್ಕಿದಾಕಿಗೆ
ಹೆಸರ ಗೊತ್ತಿಲ್ಲ.

ಇಳಕಲ್ಲು, ಅಂದೆ, ಆಕಿ ಮಾರಿ ನೋಡಿ.
ತುಟಿ ಒಡದಿತ್ತು. "ಇಳಕಲ" ಅಂದಳು.
ಎಷ್ಟು ಸರಾಗ ಬಂತು ಳ!
ಹಿಂದಿ ಸಾಹೇಬರ ನಾಲಿಗಿ ಹೊರಳಿಸಿ ಹೊರಳಿಸಿ ಸೋತಿದ್ದು.
"ನಮ್ಮ ಮಾತಿನ್ಯಾಗೂ ಐತ್ರೀ ಅದು" ಅಂದಿತು ಫೋನು.

ಎದರಿಂದ ಹೊಡದ?
ನರ್ಸಮ್ಮ ಅದನ್ನ ಕನ್ನಡಕ್ಕ ತರಾಕ ಹೊತ್ತು ತಗೊಂಡಳು.
ಹಿಂದ ಯಾವುದೋ ವಾರ್ಡಿನ ಗಂಟಿ. ಹೋದಳು, ಬಂದಳು,
ಮೂಗು ಏರಿಸಿಕೊಂಡು ಹೇಳಿದಳು.
ನಾ ಇಲ್ಲಿ ಬರಿಯೂದಿಲ್ಲ.
ಫೈಲಿನ್ಯಾಗ ಐತಿ. ಓದಬೇಕಾದವರು ಓದಲಿ.

ಎಲ್ಲಾ ಮುಗದ ಮ್ಯಾಲ ಆಕಿ ಒಂದ ಪ್ರಶ್ನೆ ಕೇಳಿದಳು:
ಇಲ್ಲಿ ಒಂದು ರಾತ್ರಿಗೆ ಎಷ್ಟು ಮುರಕೋತೀರಿ?

ಏನೂ ಇಲ್ಲ ಅಂದ್ರ ನಂಬಲಿಲ್ಲ.
ಐದಕ್ಕ ಎದ್ದು ನೋಡ್ತೀನಿ,
ಅಂಗಳ ಕಸ ಹೊಡದೈತಿ, ಭಾಂಡೆ ತಿಕ್ಕಿದಾವ,
ಬಾಗಲ ಮೆಟ್ಟಲು ಒರಸಿ ಒರಸಿ
ಮಾರಿ ಕಾಣೂವಂಗ ಆಗೇತಿ.
ಬೈಯಬೇಕಂದೆ. ಬೈಯಲಿಲ್ಲ.
ಚಾಕ್ಕ ಹಾಲು ಹಾಕಿದೆ, ಇದ್ದದ್ದೆಲ್ಲಾ.

ಆರಕ್ಕ ಗೇಟು ದಡದಡ ಬಡೀತು.
ನನ್ನ ಹೆಣತಿ, ನನ್ನ ಹೆಣತಿ, ಅನ್ನೂದಷ್ಟ ತಿಳೀತು.
ಕೀಲಿ ನನ್ನ ನಡದಾಗ ಇತ್ತು.
ಮೇಡಂ ಠಾಣೆಗೆ ಫೋನ್ ಹಚ್ಚಿದ್ರು, ಯಾರೂ ಎತ್ತಲಿಲ್ಲ,
ಮತ್ತ ಹಚ್ಚಿದ್ರು.

ಒಳಗಿನ ಕೋಣಿಯಾಗ, ಗ್ವಾಡಿಗೆ ಬೆನ್ನು ಹಚ್ಚಿ,
ಕೂಸಿನ ಗದ್ದ ಹಿಡದು ಆಕಿ ಸಣ್ಣ ದನಿಲೆ
ಇಳಕಲ ಅನ್ನು, ಇಳಕಲ, ಅನ್ನಾಕ ಹತ್ತಿದ್ದಳು.
ಕೂಸಿಗೆ ಳ ಬರಲಿಲ್ಲ.
ಅದಕ್ಕ ಇನ್ನೂ ವ್ಯಾಳೆ ಐತಿ.